ಏಳನೆಯ ಚುಕ್ಕಿ

ಲಿಂಗಂಪಲ್ಲಿ, ಹೈದರಾಬಾದ್
18 ಜನವರಿ 2024

ವನಜಾ,

ಸಂಕ್ರಾಂತಿಯ ಎಳ್ಳು ಮುಗಿಯಿತೇ, ಇಲ್ಲವೇ ನಿನ್ನ ಶಾಲೆಯ ಮಕ್ಕಳ ಪಾಲಿನದನ್ನೂ ನೀನೇ ತಿನ್ನುತ್ತಿದ್ದೀಯಾ?

ನಿನ್ನ ಹಿಂದಿನ ಪತ್ರ ಓದಲು ನನಗೆ ಮೂರು ದಿನ ಹಿಡಿಯಿತು. ಮೊದಲು ನಿನಗೇ ಬೈದೆ. ಮೂವತ್ತು ವರ್ಷದಿಂದ ಕುರುಡು ಮಕ್ಕಳಿಗೆ ಬ್ರೈಲ್ ಕಲಿಸುವವಳು, ಈಗ ಆರು ಚುಕ್ಕಿಯ ಮನೆಯಲ್ಲಿ ಏಳು ಒತ್ತುತ್ತಿದ್ದಾಳೆ, ಪಾಪ, ವಯಸ್ಸಾಯಿತು ಅಂದುಕೊಂಡೆ. ಪ್ರತಿ ಅಕ್ಷರದಲ್ಲೂ ಒಂದು ಚುಕ್ಕಿ ಹೆಚ್ಚು! ಆಮೇಲೆ ಕೆಲಸಕ್ಕೆ ಹೋಗಿ ಕಾರ್ಖಾನೆಯ ಎಕ್ಸ್‌ಚೇಂಜಿನ ಟೆಲಿಫೋನ್ ಪಟ್ಟಿ ಮುಟ್ಟಿದೆ, ಅಲ್ಲೂ ಏಳು. ಮೇಜು ಮುಟ್ಟಿದೆ, ಮೇಜಿನ ಮೇಲೂ ಒಂದು ಚುಕ್ಕಿ. ಆಗ ಗೊತ್ತಾಯಿತು, ಚುಕ್ಕಿ ಇರುವುದು ಕಾಗದದ ಮೇಲಲ್ಲ, ನನ್ನ ಬೆರಳಿನ ಮೇಲೆ.

ಎಡಗೈ ತೋರುಬೆರಳು. ತುದಿಯ ಮೆತ್ತನೆಯ ಜಾಗದಲ್ಲಿ, ಸರಿಯಾಗಿ ಓದುವ ಕಡೆಗೇ, ಸಾಬೂದಾನಿ ಕಾಳಿನಷ್ಟು ಒಂದು ಗಂಟು. ನೋವಿಲ್ಲ. ಆದರೆ ನಿನ್ನ ಒಂದೊಂದು ಸಾಲಿನ ಮೇಲೂ ಎಡವುತ್ತ ಹೋಗುತ್ತದೆ.

ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಸಿಟ್ಟಾಗಬೇಡ. ನನ್ನ ಫೋನು ಬಂದ ಸಂದೇಶವನ್ನೆಲ್ಲ ಗಟ್ಟಿಯಾಗಿ ಓದಿ ಓಣಿಗೆಲ್ಲ ಸಾರುತ್ತದೆ. ಬ್ರೈಲ್ ಮಾತ್ರ ನಮ್ಮಿಬ್ಬರದು. ನಿನ್ನ ಪತ್ರಗಳು ಊಟದ ಮೇಜಿನ ಮೇಲೆ ರಾಜಾರೋಷವಾಗಿ ಬಿದ್ದಿರುತ್ತವೆ. ನಮ್ಮವರು, ಎರಡೂ ಕಣ್ಣಿರುವ ಪದ್ಮನಾಭ, ಅವುಗಳ ಮೇಲೆಯೇ ಚಹಾದ ಕಪ್ಪು ಇಟ್ಟು ಕೇಳುತ್ತಾರೆ: "ಏನಂತಾಳ ನಿಮ್ಮ ವನಜಾ?"

"ನಿಮ್ಮ ಆರಾಮ ಕೇಳ್ಯಾಳ್ರಿ" ಅನ್ನುತ್ತೇನೆ. ಅವರ ಒಗ್ಗರಣೆಯ ಬಗ್ಗೆ ನೀನು ಬರೆದಿರುವುದರ ಮೇಲೆ ಕಪ್ಪು ಇಟ್ಟುಕೊಂಡು ಅವರು ಖುಷಿಯಾಗಿ ಚಹಾ ಕುಡಿಯುತ್ತಾರೆ.

ನಮ್ಮ ಅಂಧರ ಶಾಲೆಯ ಹಾಸ್ಟೆಲಿನ ಗೋದಾಬಾಯಿ ನೆನಪಾದರು. ಅಡುಗೆಮನೆಗೆ ಹೋಗುವ ಮೊದಲು ನಮ್ಮೆಲ್ಲರ ಓದುವ ಬೆರಳಿಗೆ ಬಟ್ಟೆಯ ಟೋಪಿ ಹಾಕಿಸುತ್ತಿದ್ದರಲ್ಲ? "ಓದೋ ಬೆರಳಿಗಿ ಒಂದು ಗೀರು ಬಿತ್ತಂದ್ರ ಅವತ್ತ ಊಟ ಇಲ್ಲ ನೋಡ್ರೆವ್ವಾ!" ನಲವತ್ತು ವರ್ಷ ಆ ಬೆರಳಿನಿಂದ ನಾನು ಬಿಸಿ ಅನ್ನ ಮುಟ್ಟಿಲ್ಲ, ಈರುಳ್ಳಿ ಹಿಡಿದಿಲ್ಲ. ಆದರೂ ಅದಕ್ಕೇ ಬರಬೇಕೇ ಇದು?

ಯಾರಿಗೂ ಹೇಳಬೇಡ. ಗೋದಾಬಾಯಿಯ ಆಣೆ.

ನಿನ್ನ
ಸತ್ಯಭಾಮಾ


ಕಲಬುರಗಿ
29 ಜನವರಿ 2024

ಸತ್ಯಾ,

ನನ್ನ ಚುಕ್ಕಿ ಎಣಿಸುವ ಮೊದಲು ನಿನ್ನ ಬೆರಳು ಎಣಿಸಿಕೋ ಎಂದು ಬರೆಯಬೇಕೆಂದಿದ್ದೆ. ಗಂಟಿನ ಸುದ್ದಿ ಓದಿ ಕನಿಕರ ಬಂದು ಬಿಟ್ಟುಬಿಟ್ಟೆ. ಮೂವತ್ತು ವರ್ಷದಲ್ಲಿ ಒಂದೇ ಒಂದು ಚುಕ್ಕಿ ತಪ್ಪು ಒತ್ತಿದ್ದು ನಾನು, ಅದೂ ಇನ್ಸ್‌ಪೆಕ್ಟರರ ಹೆಸರಿನಲ್ಲಿ, ಬೇಕೆಂದೇ.

ನಿನಗೆ ಬಂದಿರುವುದು ಆಣಿ, ಬೇರೇನಲ್ಲ. ರೊಟ್ಟಿ ಬಡಿಯುವವರಿಗೆ ಅಂಗೈ ಗಟ್ಟಿಯಾಗುತ್ತದೆ, ನೇಯುವವರಿಗೆ ಬೆರಳ ಸಂದಿ ಗಟ್ಟಿಯಾಗುತ್ತದೆ, ನೀನು ಸಿಕ್ಕಿದ್ದನ್ನೆಲ್ಲ ಓದುವವಳು, ಓದುವ ಕಡೆ ಗಟ್ಟಿಯಾಗಿದೆ. ಔಷಧದ ಅಂಗಡಿಯಲ್ಲಿ ಆಣಿಗೆ ಹಚ್ಚುವ ಪಟ್ಟಿ ಸಿಗುತ್ತದೆ. ನನ್ನ ಹಿಮ್ಮಡಿಗೆ ಹೋದ ವರ್ಷ ಅದನ್ನೇ ಹಚ್ಚಿದ್ದೆ. ನಾಲ್ಕು ದಿನಕ್ಕೆ ಬೆಳ್ಳಗಾಗಿ ಸುಲಿದು ಬಂತೆಂದು ನಮ್ಮ ಶಾಲೆಯ ಆಯಾ ಹೇಳಿದಳು. ಹಚ್ಚು, ಹದಿನೈದು ದಿನದಲ್ಲಿ ಮತ್ತೆ ಮೊದಲಿನ ಹಾಗೆ ಓಡುತ್ತೀಯ.

ಇಲ್ಲಿ ಈ ವರ್ಷ ಇಬ್ಬರು ಹೊಸ ಹುಡುಗಿಯರು ಬಂದಿದ್ದಾರೆ. ಒಬ್ಬಳು ಯಾರ ಮಾತೂ ಕೇಳುವುದಿಲ್ಲ. ಕೊಟ್ಟ ಪುಸ್ತಕವನ್ನು ಹಿಂದಿನಿಂದ ಓದುತ್ತಾಳೆ. ಥೇಟ್ ನೀನೇ.

ಬಾಯಿಗೆ ಬೀಗ ಹಾಕಿದ್ದೇನೆ, ಹೆದರಬೇಡ.

ವನಜಾ


ಲಿಂಗಂಪಲ್ಲಿ
24 ಫೆಬ್ರವರಿ 2024

ವೈದ್ಯರತ್ನ ವನಜಾಬಾಯಿಯವರಿಗೆ,

ನಿಮ್ಮ ಔಷಧದ ಕಥೆ ಕೇಳಿರಿ. ಬೆರಳೆಂದರೆ ನಮ್ಮವರು ಗಾಬರಿಯಾಗುತ್ತಾರೆಂದು, ಕಾಲಿಗೆ ಆಣಿಯಾಗಿದೆ ಎಂದು ಹೇಳಿ ಪಟ್ಟಿ ತರಿಸಿದೆ. ಕೋಠಿಯ ಪೇಟೆಗೆ ಹೋದವರು ಮೂರು ಬಗೆಯ ಪಟ್ಟಿ ತಂದರು. ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತೈದು ವರ್ಷ ಇದ್ದು ರಿಟೈರಾದ ಮನುಷ್ಯ, ಒಂದೇ ಬಗೆಯದು ತರಲು ಅವರಿಗೆ ಮನಸ್ಸು ಒಪ್ಪುವುದಿಲ್ಲ. ತಂದ ಮೇಲೆ ನಾನು ಕುಂಟಬೇಕಾಯಿತಲ್ಲ? ಮೊದಲ ದಿನ ಎಡಗಾಲು ಕುಂಟಿದೆ. ಮರುದಿನ ಮರೆತು ಬಲಗಾಲು ಕುಂಟಿದೆ.

"ಏನ, ನಿನ್ನ ಆಣಿ ಟ್ರಾನ್ಸ್‌ಫರ್ ತಗೊಂಡೇತೇನು?" ಅಂದರು.

ನಗಬೇಡ, ಮುಂದಿನದು ನಗುವಂಥದ್ದಲ್ಲ. ಪಟ್ಟಿಯಿಂದ ಸುತ್ತಲಿನ ಚರ್ಮ ಸುಲಿಯಿತು, ಗಂಟು ಮಾತ್ರ ಹಾಗೇ ಕೂತಿತು. ಈಗ ತೊಗರಿ ಕಾಳಿನಷ್ಟಾಗಿದೆ. ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯವಳು ಇದು ಕುರು ಅಂದಳು. ಔಷಧದಂಗಡಿಯವನು ನರಹುಲಿ ಅಂದ. ನೀನು ಆಣಿ ಅಂದೆ. ಮೂರು ಜನ ಮೂರು ಹೆಸರು ಇಟ್ಟಿರಿ, ಅದು ಯಾವ ಹೆಸರಿಗೂ ಓಗೊಡುತ್ತಿಲ್ಲ.

ಇನ್ನು ನಾನು ಮಾಡಿದ್ದನ್ನು ಹೇಳುತ್ತೇನೆ. ಕೂತು ಓದು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಎಲ್ಲರೂ ಎದ್ದು ಹೋದ ಮೇಲೆ, ಬ್ರೈಲ್ ಚುಕ್ಕಿ ಒತ್ತುವ ಮೊಳೆಯನ್ನು ತೆಗೆದುಕೊಂಡು ಆ ಗಂಟಿಗೆ ಚುಚ್ಚಿದೆ. ಒಡೆದು ಚಪ್ಪಟೆಯಾದರೆ ಓದಬಹುದಲ್ಲ ಎಂಬ ಆಸೆ. ರಕ್ತ ಬಂತು, ಕರವಸ್ತ್ರ ಸುತ್ತಿಕೊಂಡೆ. ಎರಡು ದಿನ ಸ್ವಲ್ಪ ತಗ್ಗಿತು, ನಿನ್ನ ಪತ್ರದ ಎಂಟು ಸಾಲು ಓದಿದೆ. ಮತ್ತೆ ಉಬ್ಬಿತು. ಮತ್ತೆ ಚುಚ್ಚಿದೆ. ಹೀಗೆ ಎಷ್ಟು ಸಲ ಎಂದು ಕೇಳಬೇಡ. ಓದುವ ಬೆರಳಿಗೆ ನನ್ನ ಕೈಯಿಂದ ನಾನೇ ಮೊಳೆ ಹೊಡೆದೆ ವನಜಾ. ಹಾಸ್ಟೆಲಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಅವಳ ಜೊತೆ ಮಾತು ಬಿಡುತ್ತಿದ್ದೆ.

ನಿನ್ನೆ ಕೆಲಸದ ಕಾಗದದ ಮೇಲೆ ರಕ್ತ ಬಿದ್ದದ್ದು ಯಾರೋ ಕಂಡು ಮನೆಗೆ ಫೋನ್ ಮಾಡಿದ್ದಾರೆ. ಗಂಟಿನ ವಿಷಯ ಹೊರಬಿತ್ತು. ಮೊಳೆಯ ವಿಷಯ ನಿನಗೆ ಮಾತ್ರ ಗೊತ್ತು, ನಿನ್ನಲ್ಲೇ ಇರಲಿ.

ಸತ್ಯಾ


ಕಲಬುರಗಿ
4 ಮಾರ್ಚ್ 2024

ಹುಚ್ಚೀ,

ನಿನ್ನ ಪತ್ರ ಓದಿ ನನ್ನ ಬೆರಳೇ ನೋಯತೊಡಗಿತು. ತಲೆ ಗಿಲೆ ಸರಿ ಇದೆಯೇ ನಿನಗೆ? ನನ್ನ ಮಕ್ಕಳಲ್ಲಿ ಯಾರಾದರೂ ಮೊಳೆಯನ್ನು ಬಾಯಿಗೆ ಇಟ್ಟರೂ ಕಿವಿ ಹಿಂಡುತ್ತೇನೆ. ಐವತ್ತೇಳು ವರ್ಷದ ಹೆಂಗಸು ಅದನ್ನೇ ಬೆರಳಿಗೆ ಚುಚ್ಚಿಕೊಂಡು ಕೂತಿದ್ದಾಳೆ! ಇಲ್ಲಿಂದ ನಿನ್ನ ಕಿವಿ ಹಿಂಡಲು ನನ್ನ ಕೈ ನಿಲುಕುವುದಿಲ್ಲ, ಅದೊಂದೇ ನಿನ್ನ ಪುಣ್ಯ.

ಆಣಿ ಎಂದು ಹೇಳಿದ್ದು ನಾನು. ಅದನ್ನು ಮರೆತಿಲ್ಲ. ನಾನು ಡಾಕ್ಟರಲ್ಲ, ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಚರ್ಮದ ಡಾಕ್ಟರ ಹತ್ತಿರ ಹೋಗು. ಅವರಿಗೆ ಎಲ್ಲವನ್ನೂ ಹೇಳು, ಪಟ್ಟಿಯನ್ನೂ, ಮೊಳೆಯನ್ನೂ. ಬೈದರೆ ಬೈಸಿಕೋ. ನಿನ್ನ ಆಣೆಗೆ ಕಟ್ಟುಬಿದ್ದು ನಾನು ಸುಮ್ಮನಿದ್ದೇನೆ, ಆದರೆ ನನ್ನ ಹೊಟ್ಟೆಯಲ್ಲಿ ಮಾತು ಎಷ್ಟು ದಿನ ನಿಲ್ಲುತ್ತದೆಂದು ನಿನಗೆ ಚೆನ್ನಾಗಿ ಗೊತ್ತು.

ವನಜಾ


ಲಿಂಗಂಪಲ್ಲಿ
2 ಏಪ್ರಿಲ್ 2024

ವನಜಾ,

ಇಷ್ಟು ದಿನ ಬರೆಯಲಿಲ್ಲ. ಸುದ್ದಿ ಇತ್ತು, ಬರೆಯುವ ಮನಸ್ಸಿರಲಿಲ್ಲ.

ಚರ್ಮದ ಡಾಕ್ಟರ ಹೆಸರು ಮಾನ್ಯಾ, ಮೈಸೂರಿನ ಹುಡುಗಿ. ದನಿ ಕೇಳಿದರೆ ಕಾಲೇಜಿಗೆ ಹೋಗುವವಳು ಅನ್ನಬೇಕು. ನನ್ನ ಬೆರಳನ್ನು ಹಿಡಿದುಕೊಂಡು ಎಲ್ಲ ಕಡೆಯಿಂದ ಒತ್ತಿ ನೋಡಿದಳು. ಆಮೇಲೆ ಕೇಳಿದಳು: "ಆಂಟಿ, ಇದಕ್ಕೆ ಏನಾದ್ರೂ ಹಚ್ಚಿದ್ರಾ? ಸೂಜಿ ಗೀಜಿ ಏನಾದ್ರೂ ಚುಚ್ಚಿದ್ರಾ? ಏನಾದ್ರೂ ಪೆಟ್ಟು?"

ನಮ್ಮವರು ಪಕ್ಕದಲ್ಲೇ ನಿಂತಿದ್ದರು. "ಏನೂ ಇಲ್ಲವ್ವಾ" ಅಂದೆ.

ಅಷ್ಟೇ. ಒಂದು ಮಾತು. ಅವಳು ಅದನ್ನೇ ಬರೆದುಕೊಂಡಳು.

ಗಂಟಿನ ಮೇಲಿನಿಂದ ಸಾಸಿವೆಯಷ್ಟು ಚೂರು ಕೆತ್ತಿ ಕೋಠಿಯ ಒಂದು ಲ್ಯಾಬಿಗೆ ಕಳಿಸಿದಳು. ಹತ್ತು ದಿನಕ್ಕೆ ವರದಿ ಬಂತು. ಇದು ಆಣಿಯೂ ಅಲ್ಲ, ಕುರುವೂ ಅಲ್ಲ, ನರಹುಲಿಯೂ ಅಲ್ಲ. ಬೆವರು ಹೊರಗೆ ಬರುವ ಸಣ್ಣ ಕೊಳವೆ ಇರುತ್ತದಲ್ಲ, ಅದರಿಂದ ಹುಟ್ಟಿದ ಗಡ್ಡೆಯಂತೆ. ಬಹಳ ಅಪರೂಪ, ತಾನು ಪುಸ್ತಕದಲ್ಲಿ ಓದಿದ್ದೇ ಹೆಚ್ಚು, ಕೈಯಲ್ಲಿ ಹಿಡಿದದ್ದು ಇದೇ ಮೊದಲು ಎಂದಳು ಮಾನ್ಯಾ. ಇದರಲ್ಲಿ ಎರಡು ಜಾತಿ. ಒಂದು ಸಾಧು, ಅದರ ಹೆಸರು ಪೊರೋಮಾ, ಕಿತ್ತು ಹಾಕಿದರೆ ಮುಗಿಯಿತು. ಇನ್ನೊಂದು ಪುಂಡ, ಪೊರೋಕಾರ್ಸಿನೋಮಾ, ಅದು ಕ್ಯಾನ್ಸರು. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರ. ಬುಡದಲ್ಲಿ ಬೇರು ಒಳಗೆ ನುಗ್ಗಿದೆಯೇ ಎಂದು ನೋಡಿ ಹೇಳಬೇಕು. ನನ್ನ ಚೂರಿನಲ್ಲಿ ಬುಡ ಬಂದಿಲ್ಲ. ಬಂದಿರುವ ಜಾಗದಲ್ಲಿ ಜೀವಕೋಶಗಳು ಕೆರಳಿ ನಿಂತಿವೆ, ಕೆಲವು ಸತ್ತಿವೆ, ಕೆಲವು ಬಡಬಡನೆ ಒಡೆದು ಎರಡಾಗುತ್ತಿವೆ. ಆದ್ದರಿಂದ ಪುಂಡನೇ ಇರಬೇಕೆಂದು ಗುಮಾನಿ.

ಮಾನ್ಯಾ ದೊಡ್ಡ ಆಸ್ಪತ್ರೆಯ ಸರ್ಜನ್ ಹತ್ತಿರ ಕಳಿಸಿದಳು. ಅವರು ವರದಿ ನೋಡಿ, ಮೊದಲನೆಯ ಗೆಣ್ಣಿನವರೆಗೆ ಬೆರಳು ತೆಗೆದುಬಿಟ್ಟರೆ ನಿಶ್ಚಿಂತೆ ಎಂದರು. ಇದೇ 24ಕ್ಕೆ ದಿನ ಗೊತ್ತಾಗಿದೆ. ಸಮಾಧಾನ ಮಾಡಲೆಂದು, ಹೋಗುವುದು ಒಂದು ಇಂಚು ಮಾತ್ರ ಎಂದರು.

ಆ ಒಂದು ಇಂಚಿನಲ್ಲೇ ನಾನು ಎಸ್ಸೆಸ್ಸೆಲ್ಸಿ ಓದಿದ್ದು. ನೌಕರಿಯ ಪರೀಕ್ಷೆಗೆ ಓದಿದ್ದು. ನಿನ್ನ ಗಂಡ ತೀರಿಕೊಂಡ ಸುದ್ದಿಯನ್ನು, ನೀನೇ ಒತ್ತಿ ಕಳಿಸಿದ ಆ ಎರಡು ಸಾಲನ್ನು ಓದಿದ್ದು. ಬಲಗೈ ಬೆರಳಿನಿಂದ ಪ್ರಯತ್ನ ಮಾಡಿದೆ. ಅದೊಂದು ದಡ್ಡ ಬೆರಳು. ನಲವತ್ತು ವರ್ಷ ಆರಾಮಾಗಿ ತಿಂದುಂಡು ಬೆಳೆದಿದೆ, 'ಕಮಲ' ಓದಲು ಐದು ನಿಮಿಷ ತೆಗೆದುಕೊಂಡು ಕೊನೆಗೆ 'ಕಪಾಟ' ಎಂದಿತು. ನಗು ಬಂತು. ಆಮೇಲೆ ಅಳುವೂ ಬಂತು, ಎರಡೂ ಒಟ್ಟಿಗೇ ಮುಗಿಸಿಬಿಟ್ಟೆ.

ನನಗೆ ಭಯ ಕ್ಯಾನ್ಸರಿನದಲ್ಲ. ಸಾಧುವಾಗಿದ್ದದ್ದನ್ನು ನಾನೇ ಚುಚ್ಚಿ ಚುಚ್ಚಿ ಪುಂಡನನ್ನಾಗಿ ಮಾಡಿದೆನೇನೋ ಎಂಬುದು. ನಮ್ಮವರಿಗೆ ಇದು ತಿಳಿಯಬಾರದು. ನೀನು ಹೇಳಿದರೆ ನಾನು ಸತ್ತ ಹಾಗೆ.

ಸತ್ಯಾ


ಲಿಂಗಂಪಲ್ಲಿ
16 ಏಪ್ರಿಲ್ 2024

ಶ್ರೀಮತಿ ವನಜಾ ಅವರಿಗೆ,

ಹೇಳಿಬಿಟ್ಟೆ, ಅಲ್ಲವೇ?

ಮೊನ್ನೆ ಯುಗಾದಿಯ ಮಧ್ಯಾಹ್ನ, ಬೇವು ಬೆಲ್ಲ ಬಾಯಲ್ಲಿರುವಾಗಲೇ ನಿನ್ನ ಫೋನು ಬಂತೆಂದು ಆಮೇಲೆ ತಿಳಿಯಿತು. ನಮ್ಮವರು ವರಾಂಡಕ್ಕೆ ಎದ್ದು ಹೋದರು. ವಾಪಸು ಬಂದರು. ನನ್ನ ಬರೆಯುವ ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಮೊಳೆಯನ್ನು ತಂದು ನನ್ನ ಬಲಗೈಯಲ್ಲಿಟ್ಟರು.

"ಇದರ್ಲೇ ಚುಚ್ಕೊಂಡ್ಯೇನು?"

"ಹೂಂ."

"ಎಷ್ಟು ಸಲ?"

"ಎಣಿಸಿಲ್ರಿ."

"ನನಗ ಯಾಕ ಹೇಳಲಿಲ್ಲ ಸತ್ಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಮೊಳೆಯನ್ನೂ, ಉಳಿದಿದ್ದ ಮೂರು ಬಗೆಯ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಂಡು ಕೋಠಿಯ ಬಸ್ಸು ಹತ್ತಿದರು. ಲ್ಯಾಬಿನಲ್ಲಿ ಎಲ್ಲರ ಎದುರು ನನ್ನ ಕಥೆ ಹೇಳಿ ಬಂದಿದ್ದಾರೆ. ಓದುವ ಬೆರಳಿಗೆ ಮೊಳೆ ಹೊಡೆದುಕೊಂಡವಳು ಎಂದು ಈಗ ಹೈದರಾಬಾದಿಗೆಲ್ಲ ಗೊತ್ತು.

ನಲವತ್ತೈದು ವರ್ಷ ನಿನಗೆ ಹೇಳಿದ್ದು ಎಲ್ಲಿಗೂ ಹೋಗುವುದಿಲ್ಲ ಎಂದು ನಂಬಿದ್ದೆ. ಬೇರೆ ಯಾರೂ ಓದಲಾಗದ ಪತ್ರವನ್ನು ನೀನೇ ಓದಿ ಹೇಳಿದ ಮೇಲೆ ಯಾರನ್ನು ದೂರಲಿ?

ನಿನ್ನ ದಪ್ಪ ಲಕೋಟೆ ನಿನ್ನೆ ಬಂತು. ಒಡೆದಿಲ್ಲ. ಬೆರಳಿಗೆ ಪಟ್ಟಿ ಕಟ್ಟಿದೆ, ಓದಲಾಗುವುದಿಲ್ಲ. ಕಟ್ಟದಿದ್ದರೂ ಓದುತ್ತಿರಲಿಲ್ಲ. ಇನ್ನು ಬರೆಯಬೇಡ.

ಸತ್ಯಭಾಮಾ ಪದ್ಮನಾಭ
ಟೆಲಿಫೋನ್ ಆಪರೇಟರ್


ಲಿಂಗಂಪಲ್ಲಿ
8 ಮೇ 2024

ಗೌರವಾನ್ವಿತ ವನಜಾ ಅವರಿಗೆ ಪದ್ಮನಾಭನ ನಮಸ್ಕಾರಗಳು. ಈ ಪತ್ರವನ್ನು ಶಾಯಿಯಲ್ಲಿ ಬರೆದಿರುವುದರಿಂದ ನಿಮಗೆ ಯಾರೋ ಗಟ್ಟಿಯಾಗಿ ಓದುತ್ತಿರಬೇಕು. ಓದುತ್ತಿರುವವರಿಗೂ ನಮಸ್ಕಾರ.

ಮೊದಲು ಮುಖ್ಯ ವಿಷಯ: ಬೆರಳು ಇದೆ. ಪೂರ್ತಿ ಇದೆ.

ಇನ್ನು ವಿವರ. ನೀವು ಫೋನ್ ಮಾಡಿದ ಮರುದಿನ ಕೋಠಿಯ ಲ್ಯಾಬಿಗೆ ಹೋದೆ. ಅಲ್ಲಿನ ಡಾಕ್ಟರ್ ರವಿಕಿರಣ ಎಂಬುವವರು ಸತ್ಯಾಳ ಚೂರನ್ನು ನೋಡಿ ವರದಿ ಬರೆದವರು. ಅವರ ಕೈಗೆ ಬಂದಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಹೆಂಗಸು, ಐವತ್ತೇಳು ವರ್ಷ, ಬೆರಳಿನ ಗಂಟು, ಪೆಟ್ಟಾಗಿಲ್ಲ. ನಾನು ಮೇಜಿನ ಮೇಲೆ ಮೊಳೆ ಇಟ್ಟೆ, ಆಣಿಯ ಪಟ್ಟಿಗಳನ್ನಿಟ್ಟೆ, ನಡೆದದ್ದನ್ನು ಹೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಇದಿ ಮುಂದೇ ಚೆಪ್ಪಾಲಿ ಕದಾ ಸಾರ್!" ಅಂದರು. ಮೊದಲೇ ಹೇಳಬೇಕಾಗಿತ್ತು, ನಿಜ.

ನನ್ನೆದುರಿಗೇ ಹಳೆಯ ಗಾಜಿನ ಪಟ್ಟಿಯನ್ನು ಮತ್ತೆ ನೋಡಿದರು. ಚೂರಿನಲ್ಲಿ ಒಂದು ನೆಟ್ಟನೆಯ ಸೀಳು ಇತ್ತಂತೆ, ಅದೇನೆಂದು ತಿಳಿಯದೆ ತಲೆ ಕೆಡಿಸಿಕೊಂಡಿದ್ದರಂತೆ. ಮೊಳೆಯ ತುದಿಯನ್ನು ಹಿಡಿದು ನೋಡಿ, ಸೀಳು ಇದರದೇ ಎಂದರು. ಆಮೇಲೆ ಹಿಂದಿಯಲ್ಲಿ ವಿವರಿಸಿದರು. ಔಷಧದಿಂದ ಸುಟ್ಟು, ಮೇಲಿಂದ ಮೇಲೆ ಚುಚ್ಚಿಸಿಕೊಂಡ ಗಡ್ಡೆ ಎಂಥ ಸಾಧುವಾದರೂ ಕೆರಳುತ್ತದೆ. ಗಾಯ ಮಾಯಲು ಜೀವಕೋಶಗಳು ಅವಸರದಲ್ಲಿ ಒಡೆಯುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಕ್ಯಾನ್ಸರಿನ ಹಾಗೆಯೇ ಕಾಣುತ್ತದೆ. ಚುಚ್ಚಿದ್ದರಿಂದ ಕ್ಯಾನ್ಸರ್ ಹುಟ್ಟುತ್ತದೆಯೇ ಎಂದು ಕೇಳಿದೆ. ಹಾಗೇನಿಲ್ಲ, ನೋಡುವವರ ಕಣ್ಣು ಮೋಸಹೋಗುತ್ತದೆ ಅಷ್ಟೇ ಅಂದರು. ಆದರೂ ಬುಡ ನೋಡದೆ ಗಡ್ಡೆ ಸಾಧು ಎಂದು ತಾವು ಬರೆಯುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದರು. ನನಗೆ ಆ ಮಾತು ಹಿಡಿಸಿತು. ಸ್ಟೋರ್ಸಿನಲ್ಲಿ ನಾನೂ ಪೆಟ್ಟಿಗೆಯ ತಳ ನೋಡದೆ ಸಹಿ ಹಾಕಿದವನಲ್ಲ.

ಅವರೇ ಸರ್ಜನ್‌ಗೆ ಫೋನ್ ಮಾಡಿದರು. ಬೆರಳು ಕತ್ತರಿಸುವುದು ಬೇಡ, ಮೊದಲು ಗಂಟನ್ನು ಮಾತ್ರ ಬುಡಸಮೇತ ತೆಗೆದು ಪೂರ್ತಿ ನೋಡೋಣ, ಪುಂಡನಾದರೆ ಆಮೇಲೆ ಕತ್ತರಿಸುವುದು ಇದ್ದೇ ಇದೆ ಎಂದು ಇಬ್ಬರೂ ಒಪ್ಪಿದರು. 24ರಂದು ಹಾಗೆಯೇ ಆಯಿತು. ಮೊನ್ನೆ ವರದಿ ಬಂತು. ಬುಡ ನುಣ್ಣಗಿದೆ, ಎಲ್ಲೂ ಒಳಗೆ ನುಗ್ಗಿಲ್ಲ. ಪೊರೋಮಾ. ಸಾಧು.

ಬೆರಳಿನ ಪಕ್ಕದ ಚರ್ಮವನ್ನೇ ಎಳೆದು ಮುಚ್ಚಿದ್ದಾರೆ. ಆ ಜಾಗಕ್ಕೆ ಮೊದಲಿನ ಸ್ಪರ್ಶ ಬರುತ್ತದೆಯೋ ಇಲ್ಲವೋ, ಈಗಲೇ ಹೇಳಲಾಗದಂತೆ. ಎರಡು ತಿಂಗಳು ಕಾಯಬೇಕು. ಸತ್ಯಾ ದಿನವೂ ಮೂರು ಸಲ ಕೇಳುತ್ತಾಳೆ, "ಓದಾಕ ಬರ್ತೈತೇನ್ರಿ?" ಎಂದು. ನನಗೇನು ಗೊತ್ತು?

ನಿಮ್ಮ ಹೆಸರು ಎತ್ತುತ್ತಿಲ್ಲ. ಆದರೆ ನಿಮ್ಮ ಲಕೋಟೆಯನ್ನು ಬೀರುವಿನಲ್ಲಿ ತನ್ನ ಸೀರೆಗಳ ನಡುವೆ ಇಟ್ಟಿದ್ದಾಳೆ. ನಾನು ಅದನ್ನು ಸರಿಸಿದ್ದಕ್ಕೆ ಜಗಳ ಮಾಡಿದಳು. ನೀವು ಬೇಜಾರು ಮಾಡಿಕೊಳ್ಳಬೇಡಿ.

ಇಂತಿ ತಮ್ಮ ವಿಶ್ವಾಸಿ
ಪದ್ಮನಾಭ

ತಾ.ಕ.: ನನ್ನ ಒಗ್ಗರಣೆಯ ಬಗ್ಗೆ ನೀವು ಏನೋ ಬರೆದಿದ್ದೀರಂತೆ. ಅರಿವಳಿಕೆಯ ಮಂಪರಿನಲ್ಲಿ ಅವಳೇ ಬಾಯಿಬಿಟ್ಟಳು. ನೀವು ಬಂದಾಗ ಮಾತಾಡೋಣ.


ಲಿಂಗಂಪಲ್ಲಿ
7 ಜುಲೈ 2024

ವನಜಾ,

ಮೊನ್ನೆ ಮಾನ್ಯಾಳ ಕ್ಲಿನಿಕ್ಕಿಗೆ ಹೋಗಿದ್ದೆವು, ಬೆರಳಿನ ಸ್ಪರ್ಶ ಪರೀಕ್ಷೆ ಮಾಡಿಸಲು. ಎರಡು ತಿಂಗಳಿನಿಂದ ಆ ಬೆರಳಿನಿಂದ ಏನನ್ನೂ ಮುಟ್ಟಿರಲಿಲ್ಲ. ಮುಟ್ಟಬಹುದು ಎಂದು ಮೇ ಕೊನೆಗೇ ಹೇಳಿದ್ದರು. ನಾನೇ ಮುಟ್ಟಲಿಲ್ಲ. ಮುಟ್ಟಿ ಏನೂ ತಿಳಿಯದಿದ್ದರೆ ಏನು ಮಾಡಲಿ ಎಂಬ ಹೆದರಿಕೆ, ಬೇರೇನಿಲ್ಲ.

ಆ ಹುಡುಗಿ ಮೊದಲು ಹತ್ತಿ ಸವರಿದಳು. "ಗೊತ್ತಾಯ್ತಾ ಆಂಟಿ?" ಆಯಿತು ಎಂದೆ, ಆದರೆ ಮಬ್ಬುಮಬ್ಬು, ಬಟ್ಟೆಯ ಮೇಲಿನಿಂದ ಮುಟ್ಟಿದ ಹಾಗೆ. ಆಮೇಲೆ ಮೊಂಡು ಕಡ್ಡಿ ಒತ್ತಿದಳು. ಒಂದು ಕಡೆ ತಿಳಿಯಿತು, ಒಂದು ಕಡೆ ತಿಳಿಯಲಿಲ್ಲ. "ಪರವಾಗಿಲ್ಲ, ಚೆನ್ನಾಗೇ ಬಂದಿದೆ" ಎಂದಳು. ಚೆನ್ನಾಗಿ ಎಂದರೆ ಎಷ್ಟು ಎಂದು ಕೇಳಿದರೆ, ಬಟನ್ ಹಾಕಲು, ನಾಣ್ಯ ಗುರುತಿಸಲು ಸಾಕು ಎಂದಳು.

"ನಿನ್ನ ಹತ್ತಿ ಕಡ್ಡಿ ಅತ್ಲಾಗ ಇಡವ್ವಾ" ಎಂದು ಹೇಳಿ ಚೀಲದಿಂದ ನಿನ್ನ ಲಕೋಟೆ ತೆಗೆದೆ. ಹೌದು, ಅದೇ. ಒಡೆದಿರಲಿಲ್ಲ. ನಮ್ಮವರು ಒಡೆದು ಕೊಟ್ಟರು. ಹಾಳೆಯನ್ನು ಅವಳ ಮೇಜಿನ ಮೇಲೆ ಹರವಿ ಬೆರಳು ಇಟ್ಟೆ.

ಮೊದಲ ಸಾಲು ಬರೀ ಮರಳು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಬೆರಳನ್ನು ಸ್ವಲ್ಪ ಓರೆ ಮಾಡಿದೆ, ಗಾಯದ ಗೆರೆಯನ್ನು ಬಿಟ್ಟು ಹೆಬ್ಬೆರಳ ಕಡೆಯ ಅಂಚಿನಿಂದ ಮುಟ್ಟಿದೆ. ಒಂದು ಚುಕ್ಕಿ ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು. ಒಂದನೆಯ ಕ್ಲಾಸಿನ ಮಗುವಿನ ಹಾಗೆ ಒಂದೊಂದನ್ನೇ ಕೂಡಿಸಿದೆ. 'ಸ' ಬಂತು. 'ತ್ಯಾ' ಬಂತು. ನನ್ನ ಹೆಸರು ನನಗೆ ಬಂತು ವನಜಾ! ಆ ಸಂತೋಷದಲ್ಲಿ ನನಗೆ ಮೈಮೇಲೆ ಎಚ್ಚರವಿಲ್ಲ. ಹೊರಗೆ ಪೇಷಂಟುಗಳು ಕಾಯುತ್ತಿದ್ದಾರೆ, ಪಕ್ಕದಲ್ಲಿ ಗಂಡ ನಿಂತಿದ್ದಾರೆ, ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ ಓದತೊಡಗಿದೆ.

ನೀನು ಬರೆದದ್ದು ನಿನಗೆ ನೆನಪಿದೆಯೋ ಇಲ್ಲವೋ. ನಾನು ಓದಿದ್ದು ಹೀಗೆ:

"ಸತ್ಯಾ, ಆಣಿಯ ಪಟ್ಟಿ ಹಚ್ಚು ಎಂದವಳು ನಾನು. ಈಗ ನಿನ್ನ ಯಜಮಾನರಿಗೆ ಫೋನ್ ಮಾಡಿ ಮೊಳೆಯ ವಿಷಯ ಹೇಳಿದವಳೂ ನಾನೇ. ಅವರು ಫೋನಿನಲ್ಲಿ ಅತ್ತುಬಿಟ್ಟರು. ಸತ್ಯಾಗ ಹೇಳಬ್ಯಾಡ್ರಿ ಎಂದಿದ್ದಾರೆ."

ಇಷ್ಟು ಓದಿ ನಿಲ್ಲಿಸಿದೆ.

"ನೆಗಡಿ ಆಗಿತ್ತ ಅವತ್ತ" ಎಂದರು ನಮ್ಮವರು.

ಮಾನ್ಯಾ ಕಿಸಕ್ಕನೆ ನಕ್ಕಳು. ನಾನು ನಗಲಿಲ್ಲ, ಕೈ ಚಾಚಿ ಅವರ ತೋಳು ಹಿಡಿದುಕೊಂಡೆ. ಬಲಗೈಯಿಂದ ಅವರನ್ನು ಹಿಡಿದು ಎಡಗೈಯಿಂದ ಮುಂದಕ್ಕೆ ಓದಿದೆ:

"ಇದನ್ನು ಓದಿದರೆ ನೀನು ಉರಿದು ಬೀಳುತ್ತೀಯ ಎಂದು ಗೊತ್ತು. ಮಾತು ಬಿಟ್ಟರೂ ಬಿಡು. ನಾನಿಲ್ಲದೆ ನೀನು ಬದುಕುತ್ತೀಯ, ಓದದೆ ಬದುಕುವುದಿಲ್ಲ. ನನ್ನನ್ನು ಬೈಯುವುದಕ್ಕಾದರೂ ಇದನ್ನು ನೀನು ಅದೇ ಬೆರಳಿನಿಂದ ಓದುವ ಹಾಗಾಗಲಿ. ನನಗೆ ಅಷ್ಟು ಸಾಕು."

ಒಂದು ಪುಟಕ್ಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಹೊರಗಿನ ಪೇಷಂಟುಗಳು ಎರಡು ಸಲ ಬಾಗಿಲು ತಟ್ಟಿದರು, ಮಾನ್ಯಾ ತೆರೆಯಲಿಲ್ಲ.

ಓದಿದ್ದೇನೆ ವನಜಾ. ಅದೇ ಬೆರಳಿನಿಂದ. ನೀನು ಕೇಳಿಕೊಂಡಂತೆ ಬೈಯುತ್ತೇನೆ, ಗಟ್ಟಿ ಮನಸ್ಸು ಮಾಡಿಕೋ. ಬಾಯಿಬಡಕಿ. ಚಾಡಿಕೋರಿ. ಆಣೆ ಮುರುಕಿ. ನಕಲಿ ಡಾಕ್ಟರು. ಬೇರೆಯವರ ಗಂಡನನ್ನು ಹಬ್ಬದ ದಿನ ಅಳಿಸಿದವಳು. ಇನ್ನೂ ಬಹಳ ಇವೆ, ಕಾಗದದಲ್ಲಿ ಹಿಡಿಯುವುದಿಲ್ಲ. ಬರುವ ಭಾನುವಾರದ ರೈಲು ಹತ್ತು, ಲಿಂಗಂಪಲ್ಲಿಯಲ್ಲಿ ಇಳಿ. ಉಳಿದದ್ದನ್ನು ಎದುರಿಗೆ ಕೂತು ನಿನ್ನ ಕೈ ಹಿಡಿದುಕೊಂಡು ಬೈಯುತ್ತೇನೆ.

ನಿನ್ನ
ಸತ್ಯಾ